ಹಡಗಿನ ಗಡಿಯಾರ, ಗದಗಿನ ಅರಳೆ

ಕ್ರೂಸ್ ಹಡಗು ಬೆಳಿಗ್ಗೆ ಬಂದರಿಗೆ ಬಂದು ಸಂಜೆ ಹೊರಡುತ್ತದೆ. ನಡುವಿನ ಎಂಟು-ಹತ್ತು ಗಂಟೆಗಳಲ್ಲಿ ಪ್ರಯಾಣಿಕರು ದಡಕ್ಕಿಳಿದು ಊರು ನೋಡಿ ಬರುವುದಕ್ಕೆ ಹಡಗಿನವರು ಶೋರ್ ಎಕ್ಸ್‌ಕರ್ಷನ್ ಎನ್ನುತ್ತಾರೆ. ಪ್ರವಾಸೋದ್ಯಮದಲ್ಲಿ ಇಷ್ಟು ಕಟ್ಟುನಿಟ್ಟಾದ ವ್ಯವಹಾರ ಇನ್ನೊಂದಿಲ್ಲ. ಬಂದರಿನೊಳಗೆ ಹಡಗನ್ನು ತರುವ ಪೈಲಟ್, ಧಕ್ಕೆಯ ಬಾಡಿಗೆ, ಮುಂದಿನ ಬಂದರಿನ ಸರದಿ ಎಲ್ಲವೂ ಮೊದಲೇ ಗೊತ್ತುಮಾಡಿದ್ದು. ಹಡಗು ಒಂದು ತಾಸು ತಡವಾಗಿ ಹೊರಟರೆ ಆ ತಾಸನ್ನು ಸಮುದ್ರದಲ್ಲಿ ಇಂಧನ ಸುಟ್ಟು ಹಿಂದಕ್ಕೆ ಪಡೆಯಬೇಕು. ಹಾಗಾಗಿ ಪ್ರಯಾಣಿಕರು ಏನು ನೋಡಬೇಕೆಂಬುದನ್ನು ಊರಿನ ಇತಿಹಾಸಕ್ಕಿಂತ ಮೊದಲು ಗಡಿಯಾರ ತೀರ್ಮಾನಿಸುತ್ತದೆ.

ಕೆಲಸ ಸಾಗುವ ಬಗೆ ಹೀಗಿದೆ. ಹಡಗಿನ ಕಂಪನಿ ತಿಂಗಳುಗಳ ಮೊದಲೇ ಪ್ರತಿ ಬಂದರಿನಲ್ಲಿಯೂ ಸ್ಥಳೀಯ ಏಜೆಂಟರೊಬ್ಬರನ್ನು ಹಿಡಿದಿರುತ್ತದೆ. ಬಸ್ಸು, ಗೈಡು, ಊಟ, ಟಿಕೆಟ್ಟು, ಸ್ವಚ್ಛ ಶೌಚಾಲಯ ಇರುವ ನಿಲುಗಡೆ ಎಲ್ಲದರ ಹೊಣೆ ಅವರದು. ಹಡಗಿನೊಳಗಿನ ಕೌಂಟರಿನಲ್ಲಿ ಈ ಸುತ್ತಾಟಗಳು ಮಾರಾಟವಾಗುತ್ತವೆ. ಹಡಗಿನ ಮೂಲಕವೇ ಟಿಕೆಟ್ ಕೊಂಡ ಗುಂಪು ದಾರಿಯಲ್ಲಿ ಸಿಕ್ಕಿಕೊಂಡರೆ ಸಾಮಾನ್ಯವಾಗಿ ಹಡಗು ಕಾಯುತ್ತದೆ. ಸ್ವಂತ ಟ್ಯಾಕ್ಸಿ ಮಾಡಿಕೊಂಡು ಹೋದವರಿಗೆ ಆ ಭರವಸೆ ಇಲ್ಲ. ಅವರು ಮುಂದಿನ ಬಂದರಿನಲ್ಲಿ ಹಡಗು ಹಿಡಿಯಬೇಕು. ಇಳಿಯುವ ಶಾಸ್ತ್ರ, ತಪಾಸಣೆ, ಮರಳಿ ಹತ್ತುವ ಗಡುವು ಇವನ್ನೆಲ್ಲ ಕಳೆದರೆ ಕೈಯಲ್ಲಿ ಉಳಿಯುವುದು ಆರು ಗಂಟೆ. ಹೋಗಿ ಬರುವ ದಾರಿಗೆ ಮೂರು ಗಂಟೆ ಕೊಟ್ಟರೆ ನೋಡಲಿಕ್ಕೆ ಮೂರು ಗಂಟೆ. ಬಂದರನ್ನು ನಡುವಿಟ್ಟು ಐವತ್ತು-ಅರವತ್ತು ಕಿಲೋಮೀಟರಿನ ವರ್ತುಲ ಎಳೆದರೆ ಅದರೊಳಗೆ ಬೀಳುವುದಷ್ಟೇ ಅವರ ಪಾಲಿನ ನಾಡು.

ಕರ್ನಾಟಕದಲ್ಲಿ ಈ ವ್ಯವಹಾರ ನಡೆಯುವುದು ಪಣಂಬೂರಿನ ನವಮಂಗಳೂರು ಬಂದರಿನಲ್ಲಿ. 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿದ ಇದು ಮೂಲತಃ ಅದಿರು, ಕಚ್ಚಾತೈಲ, ಗೊಬ್ಬರದ ಬಂದರು. ಮಳೆಗಾಲ ಮುಗಿದ ಮೇಲೆ, ಅಕ್ಟೋಬರ್-ನವೆಂಬರಿನಿಂದ ಬೇಸಿಗೆಯ ತನಕ, ಮುಂಬೈ, ಗೋವಾ, ಕೊಚ್ಚಿ, ಕೊಲಂಬೊ ಸುತ್ತುವ ಹಡಗುಗಳು ಇಲ್ಲಿ ಒಂದು ಹಗಲು ನಿಲ್ಲುತ್ತವೆ. ಕೋವಿಡ್ ಕಾಲದ ನಿಲುಗಡೆಯ ನಂತರ 2022ರ ನವೆಂಬರ್ 28ರಂದು ‘ಯುರೋಪಾ 2’ ಬಂದಾಗ ಋತು ಮತ್ತೆ ಆರಂಭವಾಯಿತು. ಇಳಿದವರಿಗೆ ಚೆಂಡೆ, ಯಕ್ಷಗಾನದ ವೇಷ, ಹೂವಿನ ಸ್ವಾಗತ. ಅಲ್ಲಿಂದ ಬಸ್ಸುಗಳು ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ, ಕಾರ್ಕಳದ ಗೊಮ್ಮಟನ ಬೆಟ್ಟಕ್ಕೆ, ಗೋಡಂಬಿ ಕಾರ್ಖಾನೆಗೆ, ಪೇಟೆಯ ಮಾರುಕಟ್ಟೆಗೆ, ಕುದ್ರೋಳಿಯ ಗೋಕರ್ಣನಾಥೇಶ್ವರ ದೇವಸ್ಥಾನಕ್ಕೆ ಹೊರಡುತ್ತವೆ. ನಗರದಲ್ಲಿ ತಪ್ಪದ ಒಂದು ನಿಲುಗಡೆ ಸೇಂಟ್ ಅಲೋಶಿಯಸ್ ಚಾಪೆಲ್. ಇಟಲಿಯ ಜೆಸ್ಯೂಟ್ ಚಿತ್ರಕಾರ ಅಂಟೋನಿಯೊ ಮೊಸ್ಕೇನಿ 1900ರ ಆಸುಪಾಸಿನಲ್ಲಿ ಅದರ ಗೋಡೆ-ಛಾವಣಿಗಳನ್ನು ಬಣ್ಣದಿಂದ ತುಂಬಿದ.

ವಸಾಹತು ಕಾಲದ ಊರಾಗಿ ಮಂಗಳೂರಿನಲ್ಲಿ ತೋರಿಸುವಂಥದ್ದಕ್ಕೆ ಕೊರತೆಯಿಲ್ಲ. 1568ರಲ್ಲಿ ಪೋರ್ಚುಗೀಸರ ಕೋಟೆ, 1784ರಲ್ಲಿ ಟಿಪ್ಪು ಮತ್ತು ಇಂಗ್ಲಿಷರ ನಡುವಿನ ಒಪ್ಪಂದ, 1799ರ ನಂತರ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ. 1834ರಲ್ಲಿ ಕ್ರೈಸ್ತ ಮಿಶನರಿ ಸಂಸ್ಥೆಯಾದ ಬಾಸೆಲ್ ಮಿಶನ್ ಇಲ್ಲಿ ನೆಲೆಯೂರಿತು. 1843ರಲ್ಲಿ ಅದರ ಮಿಶನರಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದ. 1865ರಲ್ಲಿ ಜೆಪ್ಪುವಿನಲ್ಲಿ ಮಿಶನ್ನಿನ ಹೆಂಚಿನ ಕಾರ್ಖಾನೆ ಶುರುವಾಯಿತು. ಆದರೆ ಹೆಂಚಿನ ಕಾರ್ಖಾನೆಯ ಚಿಮಣಿಯಾಗಲಿ ಅಚ್ಚುಕೂಟದ ಕಟ್ಟಡವಾಗಲಿ ಪ್ರವಾಸಿ ಬಸ್ಸನ್ನು ನಿಲ್ಲಿಸುವುದು ಕಡಿಮೆ. ಹಡಗಿನ ಪಟ್ಟಿಗೆ ಬೇಕಾದದ್ದು ಅರ್ಧ ಗಂಟೆಯಲ್ಲಿ ಕಣ್ಣಿಗೆ ತುಂಬುವ ವಸ್ತು. ಬಾಸೆಲ್ ಮಿಶನ್ನಿನ ಕಥೆಯನ್ನು ಅರ್ಧ ಗಂಟೆಯಲ್ಲಿ ಹೇಳಲು ಆಗುವುದಿಲ್ಲ. ಅದು ಮಂಗಳೂರಿನಲ್ಲಿ ಮುಗಿಯುವುದೂ ಇಲ್ಲ. ಘಟ್ಟ ಹತ್ತಿ ಧಾರವಾಡ, ಹುಬ್ಬಳ್ಳಿ ದಾಟಿ 1841ರಲ್ಲಿ ಅದು ಬೆಟಗೇರಿಗೆ ಬಂತು.

ಗದಗ-ಬೆಟಗೇರಿ ಯಾವ ಬಂದರಿನ ವರ್ತುಲಕ್ಕೂ ಸಿಗುವುದಿಲ್ಲ. ಗೋವಾದ ಮರ್ಮಗೋವಾ ಬಂದರು ರೈಲು ದಾರಿಯಲ್ಲಿ ಸುಮಾರು 250 ಕಿಲೋಮೀಟರ್ ದೂರ, ಮಂಗಳೂರು ಇನ್ನೂ ದೂರ. ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಹಡಗು ಕೊಚ್ಚಿ ಮುಟ್ಟಿರುತ್ತದೆ. ಆದರೂ ಪಶ್ಚಿಮ ಕರಾವಳಿಯ ಬಂದರುಗಳ ಹತ್ತೊಂಬತ್ತನೇ ಶತಮಾನದ ಚರಿತ್ರೆಯನ್ನು ಬಿಡಿಸುತ್ತ ಹೋದರೆ ಮತ್ತೆ ಮತ್ತೆ ಎದುರಾಗುವ ಒಳನಾಡಿನ ಪೇಟೆ ಇದೇ. ಕಾರಣ ಅರಳೆ.

1818ರ ಜನವರಿಯಲ್ಲಿ ಥಾಮಸ್ ಮನ್ರೊ ಪೇಶ್ವೆಯ ಕಡೆಯವರಿಂದ ಗದಗ ಮತ್ತು ಡಂಬಳ ಕೋಟೆಗಳನ್ನು ತೆಗೆದುಕೊಂಡ ಮೇಲೆ ಈ ಭಾಗ ಕಂಪನಿಯ ಕೈಗೆ ಬಂತು. ಗದಗ, ರೋಣ, ನವಲಗುಂದದ ಎರೆನೆಲದಲ್ಲಿ ಹಿಂಗಾರಿನ ಹತ್ತಿ ಮೊದಲಿನಿಂದಲೂ ಬೆಳೆಯುತ್ತಿತ್ತು. ಆಗಸ್ಟ್-ಸೆಪ್ಟೆಂಬರಿನಲ್ಲಿ ಬಿತ್ತನೆ, ಚಳಿ ಇಳಿಯುವ ಹೊತ್ತಿಗೆ ಬಿಡಿಸುವುದು. ಲಂಕಾಶೈರಿನ ಗಿರಣಿಗಳಿಗೆ ಈ ದೇಸಿ ಅರಳೆಯ ಎಳೆ ಗಿಡ್ಡವೆನಿಸಿತು. 1840ರ ದಶಕದಲ್ಲಿ ಧಾರವಾಡದ ಕಲೆಕ್ಟರ್ ಶಾ ಅಮೆರಿಕದ ನ್ಯೂ ಆರ್ಲಿಯನ್ಸ್ ತಳಿಯ ಬೀಜ ಹಂಚಿ ರೈತರಿಂದ ಬೆಳೆಸಿದರು; ಹುಬ್ಬಳ್ಳಿ ಹತ್ತಿರದ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲವೂ ಇತ್ತು. ಮುಂಬಯಿ ಪ್ರಾಂತ್ಯದ ಬೇರೆ ಕಡೆಗಳಲ್ಲಿ ಸೋತ ಈ ತಳಿ ಧಾರವಾಡ ಜಿಲ್ಲೆಯ ಪೂರ್ವಭಾಗದಲ್ಲಿ ಗಟ್ಟಿಯಾಗಿ ಬೇರುಬಿಟ್ಟಿತು. ‘ಧಾರವಾಡ ಅಮೆರಿಕನ್’ ಎಂದು ಹೆಸರಾದ ಆ ಅರಳೆಯ ದೊಡ್ಡ ಪೇಟೆ ಗದಗ.

ತಳಿ ಬದಲಾದದ್ದರಿಂದ ಮನೆಯ ಕೆಲಸವೂ ಬದಲಾಯಿತು. ದೇಸಿ ಹತ್ತಿಯ ಬೀಜ ಬಿಡಿಸುವುದು ಹೆಂಗಸರ ಕೆಲಸವಾಗಿತ್ತು. ಚಪ್ಪಟೆ ಕಲ್ಲೊಂದರ ಮೇಲೆ ಅರಳೆಯ ಹಿಡಿ ಇಡುವುದು, ಕಬ್ಬಿಣದ ಸಣ್ಣ ಸಲಾಕೆಯನ್ನು ಅದರ ಮೇಲೆ ಪಾದದಿಂದ ಹಿಂದೆ ಮುಂದೆ ಉರುಳಿಸುವುದು. ಎಳೆ ಸಲಾಕೆಯ ಹಿಂದೆ ಎಳೆದುಕೊಳ್ಳುತ್ತದೆ, ಬೀಜ ಮುಂದಕ್ಕೆ ಸಿಡಿಯುತ್ತದೆ. ದಿನವಿಡೀ ಕುಳಿತರೂ ಬರುವುದು ಕೆಲವೇ ಸೇರು, ಆದರೆ ಎಳೆ ತುಂಡಾಗುವುದಿಲ್ಲ. ಅಮೆರಿಕನ್ ಬೀಜಕ್ಕೆ ಎಳೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಈ ಉಪಾಯ ನಡೆಯಲಿಲ್ಲ, ಬೀಜವೇ ಜಜ್ಜಿಹೋಗುತ್ತಿತ್ತು. ಅದಕ್ಕಾಗಿ ಗರಗಸದ ಹಲ್ಲಿನ ಜಿನ್ನುಗಳು ಬಂದವು. ಅವನ್ನು ರಿಪೇರಿ ಮಾಡಲು ಬಡಿಗರು, ಕಮ್ಮಾರರು ತರಬೇತಾದರು. ಜಿನ್ನಿನ ಹಲ್ಲು ಮೊಂಡಾದರೆ ಎಳೆ ಕತ್ತರಿಸಿ ಮಾಲಿನ ದರ ಬೀಳುತ್ತಿತ್ತು. ಗದಗಿನ ಜಿನ್ನಿಂಗ್-ಪ್ರೆಸ್ಸಿಂಗ್ ವ್ಯಾಪಾರದ ಬೇರು ಇಲ್ಲಿದೆ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಿತು. ನಾಲ್ಕು ವರ್ಷ ಗದಗಿನ ಅರಳೆಗೆ ಬಂಗಾರದ ಬೆಲೆ. ಬೆಲೆ ಏರಿದ್ದೇ ತಡ ಮೋಸವೂ ಏರಿತು: ದೇಸಿ-ಅಮೆರಿಕನ್ ಬೆರಕೆ, ಬೀಜ ಮತ್ತು ಮಣ್ಣಿನ ಕಲಬೆರಕೆ, ತೂಕಕ್ಕೆ ನೀರು. ಇದನ್ನು ತಡೆಯಲು ಮುಂಬಯಿ ಸರ್ಕಾರ 1863ರಲ್ಲಿ ಹತ್ತಿಯ ಮೋಸಕ್ಕೆಂದೇ ಒಂದು ಕಾಯ್ದೆ ಮಾಡಿ ಇನ್‌ಸ್ಪೆಕ್ಟರುಗಳನ್ನು ನೇಮಿಸಿತು. ಗದಗಿನ ವ್ಯಾಪಾರಿ ಅದಕ್ಕೂ ದಾರಿ ಕಂಡುಕೊಂಡಿರಬೇಕು. ಪೇಟೆ ಬೆಳೆಯಿತೇ ಹೊರತು ಕುಗ್ಗಲಿಲ್ಲ. ಅಮೆರಿಕದ ಯುದ್ಧ 1865ರಲ್ಲಿ ಮುಗಿದು ಬೆಲೆ ಕುಸಿದಾಗ ಏಟು ಬಿದ್ದದ್ದು ಏರಿದ ದರವನ್ನು ನಂಬಿ ಸಾಲ ಮಾಡಿದ ರೈತನಿಗೆ.

ಈ ಮಾಲು ಸಮುದ್ರ ಮುಟ್ಟುವ ದಾರಿಯೇ ಒಂದು ಅಧ್ಯಾಯ. ಎತ್ತಿನ ಗಾಡಿಗಳು ಹುಬ್ಬಳ್ಳಿ, ಶಿರಸಿ ಹಾದು ದೇವಿಮನೆ ಘಟ್ಟ ಇಳಿದು ಕುಮಟಾ ಸೇರುತ್ತಿದ್ದವು. ಅಲ್ಲಿಂದ ಮಚವೆಗಳಲ್ಲಿ ಮುಂಬಯಿಗೆ. ಧಾರವಾಡ ಸೀಮೆಯ ದೇಸಿ ಹತ್ತಿಯನ್ನು ವಿಲಾಯತಿಯ ದಲ್ಲಾಳಿಗಳು ‘ಕುಮಟಾ’ ಎಂದೇ ಕರೆದರು. ಬೆಳೆದ ಊರುಗಳ ಹೆಸರು ಗೋಣಿಯ ಮೇಲೆ ಬರಲೇ ಇಲ್ಲ. ಗಾಡಿಗಳು ಮರಳುವಾಗ ಉಪ್ಪು, ತೆಂಗು ಹೇರಿಕೊಂಡು ಬರುತ್ತಿದ್ದವು. ಕುಮಟೆಯಲ್ಲಿ ದೊಡ್ಡ ಹಡಗು ದಡಕ್ಕೆ ಬರಲಾಗದ ಕಾರಣ ಮ್ಯಾಂಚೆಸ್ಟರಿನ ಗಿರಣಿ ಮಾಲೀಕರ ಕಣ್ಣು ಕಾರವಾರದ ಮೇಲೆ ಬಿತ್ತು. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಸದಾಶಿವಗಡದ ಬಳಿ ಬಂಡವಾಳ ಹಾಕಿತು. ಅರಳೆ ಬೆಳೆಯುವ ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿ, ಅದನ್ನು ಹಡಗಿಗೆ ಹೇರುವ ಕಾರವಾರ ಮದರಾಸು ಪ್ರಾಂತ್ಯದಲ್ಲಿ ಇದ್ದದ್ದು ತೊಡಕಾಗಿ, 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿಗೆ ಸೇರಿಸಲಾಯಿತು. ಉತ್ತರ ಕನ್ನಡ ಮತ್ತು ದಕ್ಷಿಣ ಕನ್ನಡ 1956ರ ತನಕ ಬೇರೆ ಬೇರೆ ಪ್ರಾಂತ್ಯಗಳಲ್ಲಿ ಉಳಿದದ್ದರ ಹಿಂದೆ ಅರಳೆಯ ಪಾತ್ರ ಸಣ್ಣದಲ್ಲ.

ಆದರೆ ಆಗ ಕಾರವಾರಕ್ಕೆ ರೈಲು ಬರಲಿಲ್ಲ. 1876-78ರ ಭೀಕರ ಬರದ ನಂತರ, ಧಾನ್ಯ ಸಾಗಿಸಲು ದಾರಿಯಿಲ್ಲದೆ ಜನ ಸತ್ತ ಪಾಠದಿಂದ, ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಹೊಟಗಿಯಿಂದ ವಿಜಯಪುರ, ಬಾದಾಮಿ ಮಾರ್ಗವಾಗಿ ಬಂದ ಮೀಟರ್‌ಗೇಜ್ ಹಳಿ 1884ರಲ್ಲಿ ಗದಗ ಮುಟ್ಟಿತು. ಪೂರ್ವಕ್ಕೆ ಬಳ್ಳಾರಿ, ಪಶ್ಚಿಮಕ್ಕೆ ಹುಬ್ಬಳ್ಳಿ ಸೇರಿ ಊರು ಜಂಕ್ಷನ್ ಆಯಿತು. 1878ರಲ್ಲಿ ಬ್ರಿಟಿಷರು ಮತ್ತು ಪೋರ್ಚುಗೀಸರು ಮಾಡಿಕೊಂಡ ಒಪ್ಪಂದದಂತೆ ಕ್ಯಾಸಲ್‌ರಾಕ್‌ನಿಂದ ದೂಧಸಾಗರದ ಘಟ್ಟ ಇಳಿದು ಮರ್ಮಗೋವಾಕ್ಕೆ ಹೋಗುವ ಹಳಿ 1888ರ ಹೊತ್ತಿಗೆ ಕೂಡಿಕೊಂಡಿತು. ಗದಗಿನಲ್ಲಿ ಬಿಗಿದ ಅರಳೆಯ ಅಂಡಿಗೆ ಎಲ್ಲಿಯೂ ಎತ್ತಿನ ಗಾಡಿ ಹತ್ತದೆ ಸಮುದ್ರ ಕಾಣುವಂತಾಯಿತು. ಕುಮಟೆಯ ವ್ಯಾಪಾರ ಸೊರಗಿತು. ಇಂದು ಕ್ರೂಸ್ ಹಡಗುಗಳು ನಿಲ್ಲುವ ಗೋವಾದ ಬಂದರು ಇದೇ ಮರ್ಮಗೋವಾ. ಅಲ್ಲಿ ಇಳಿದವರು ಹಳೆ ಗೋವಾದ ಚರ್ಚು, ಪಣಜಿಯ ಪೋರ್ಚುಗೀಸ್ ಬೀದಿ ನೋಡಿ ಮರಳುತ್ತಾರೆ. ಬಂದರಿನ ಹಿಂದಿರುವ ರೈಲು ಹಳಿಯ ಇನ್ನೊಂದು ತುದಿಯಲ್ಲಿ ಏನಿದೆ ಎಂಬುದು ಯಾವ ಗೈಡಿನ ಮಾತಿನಲ್ಲೂ ಬರುವಂಥದ್ದಲ್ಲ.

ಆ ತುದಿಯಲ್ಲಿರುವುದು ಜೋಡಿ ಊರು. ಗದಗ ಪೇಟೆ, ಬೆಟಗೇರಿ ನೇಕಾರರ ನೆಲೆ. 1859ರಲ್ಲಿಯೇ ಪುರಸಭೆ ಕಂಡ ಊರಿದು. ಬಾಸೆಲ್ ಮಿಶನ್ ಬೆಟಗೇರಿಗೆ ಬಂದ ಕಾಲದಲ್ಲಿಯೇ ಹತ್ತಿರದ ಮಲ್ಲಸಮುದ್ರದಲ್ಲಿ, ಕಾಲಜ್ಞಾನದ ವಚನಗಳನ್ನು ನಂಬಿದ್ದ ಕೆಲವರ ಆಸಕ್ತಿಯನ್ನು ಕಂಡು, ಕ್ರೈಸ್ತ ರೈತರ ವಸತಿಯೊಂದನ್ನು ಕಟ್ಟುವ ಸಾಹಸಕ್ಕೂ ಕೈಹಾಕಿತು. ಅದು ನಿಲ್ಲಲಿಲ್ಲ, ಬೆಟಗೇರಿಯ ಶಾಲೆ, ಚರ್ಚು ಉಳಿದವು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಆಸ್ಪತ್ರೆಯೂ ಬಂತು. ಜನ ಅದನ್ನು ಜರ್ಮನ್ ಆಸ್ಪತ್ರೆ ಎಂದೇ ಕರೆದರು. ಮಂಗಳೂರಿನಲ್ಲಿ ಮಿಶನ್ನು ಕಾರ್ಖಾನೆ ಕಟ್ಟಿ ಮಗ್ಗ ಹಾಕಬೇಕಾಯಿತು. ಬೆಟಗೇರಿಯಲ್ಲಿ ಆ ಕೆಲಸ ಕಲಿಸುವ ಅಗತ್ಯವಿರಲಿಲ್ಲ, ಮನೆಮನೆಯಲ್ಲೂ ಕುಣಿಮಗ್ಗ ಇತ್ತು. ವಿಲಾಯತಿಗೆ ಹೋದ ಅರಳೆ ಗಿರಣಿ ಬಟ್ಟೆಯಾಗಿ ಅದೇ ರೈಲಿನಲ್ಲಿ ಮರಳಿ ಬಂದಾಗ ಈ ಮಗ್ಗಗಳಿಗೇ ಪೆಟ್ಟು ಬಿತ್ತು. ಸೀರೆಯ ನೇಯ್ಗೆ ಮಾತ್ರ ತಡೆದುಕೊಂಡಿತು; ಅಗಲವಾದ ಸೆರಗು, ದಡಿಯ ಬಣ್ಣಗಳಲ್ಲಿ ಗಿರಣಿಗೆ ಪೈಪೋಟಿ ಕೊಡಲು ಕೈಗೆ ಇನ್ನೂ ಜಾಗವಿತ್ತು.

ಆಡಳಿತದ ದೃಷ್ಟಿಯಿಂದ ಈ ಸೀಮೆ ತೇಪೆ ಹಾಕಿದ ಕೌದಿ. ಗದಗ, ಮುಂಡರಗಿ ಬ್ರಿಟಿಷರ ಧಾರವಾಡ ಜಿಲ್ಲೆಗೆ ಸೇರಿದ್ದರೆ, ನಡುವೆ ಹೊಕ್ಕ ಲಕ್ಷ್ಮೇಶ್ವರ ಮೀರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. ಎರಡೂ ಪಟವರ್ಧನ ಮನೆತನದವು. ಒಂದು ಹಗಲಿನ ದಾರಿಯಲ್ಲಿ ಮೂರು ಸರ್ಕಾರ. ಇಂದು ಗದಗದಿಂದ ದಕ್ಷಿಣಕ್ಕೆ ಬಸ್ಸು ಹತ್ತಿ ಶಿರಹಟ್ಟಿಯ ಫಕೀರೇಶ್ವರ ಮಠಕ್ಕೂ, ಲಕ್ಷ್ಮೇಶ್ವರದ ಸೋಮೇಶ್ವರ ಗುಡಿ, ಶಂಖ ಬಸದಿ, ಜಾಮಾ ಮಸೀದಿಗಳಿಗೂ ಹೋಗುವವರಿಗೆ ಆ ಗಡಿಯ ಗುರುತು ಕಾಣದು. ಹಳೆಯ ಪುಲಿಗೆರೆಯಾದ ಲಕ್ಷ್ಮೇಶ್ವರದಲ್ಲಿ ವಸಾಹತು ಕಾಲವೆಂಬುದು ಬಹಳ ತಡವಾಗಿ ಬಂದ ಒಂದು ಪದರ ಅಷ್ಟೇ.

ಮುಂಡರಗಿಯಲ್ಲಿ ಹಾಗಲ್ಲ. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯ್ದೆ ಬಂದು ಸೀಮೆಯ ದೇಸಾಯಿ, ನಾಡಿಗರಲ್ಲಿ ಅಸಮಾಧಾನ ಹೊತ್ತಿಕೊಂಡಿತ್ತು. 1858ರ ಮೇ ತಿಂಗಳಲ್ಲಿ ಮುಂಡರಗಿಯ ಭೀಮರಾವ್ ನಾಡಗೀರ ದಂಗೆಯೆದ್ದು ಡಂಬಳದ ಖಜಾನೆ ತೆಗೆದುಕೊಂಡು ಕೊಪ್ಪಳದ ಕೋಟೆ ಹಿಡಿದ. ಹಮ್ಮಿಗಿಯ ಕೆಂಚನಗೌಡ ಜೊತೆಗಿದ್ದ. ಅದೇ ಹೊತ್ತಿಗೆ ನರಗುಂದದ ಅರಸ ಬಾಬಾಸಾಹೇಬನ ಕಡೆಯವರು ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್‌ಸನ್‌ನನ್ನು ಕೊಂದರು. ಜೂನ್ 1ರಂದು ಕಂಪನಿ ಪಡೆ ಕೊಪ್ಪಳದ ಕೋಟೆ ಒಡೆದು ನುಗ್ಗಿತು; ಭೀಮರಾವ್, ಕೆಂಚನಗೌಡ ಅಲ್ಲಿಯೇ ಸತ್ತರು. ಜೂನ್ 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ವಸಾಹತು ಊರನ್ನು ಚರ್ಚು-ಬಂಗಲೆಗಳ ಸೊಗಸಾಗಿ ತೋರಿಸುವ ಪ್ರವಾಸಗಳಿಗೆ ಈ ಕೆಲವೇ ವಾರಗಳ ಕಥೆ ಒಗ್ಗುವುದಿಲ್ಲ. ನಿಜವಾಗಿ ನೋಡಿದರೆ ಅದೇ ಹೇಳಬೇಕಾದ ಕಥೆ.

ಇನ್ನೊಂದು ಕಥೆ ಗದಗಿಗೆ ಹತ್ತಿರದ ಕಣಗಿನಹಾಳದ್ದು. ಅರಳೆಯ ದರ ಏರಿಳಿದಂತೆ ಹೊಲಗಳು ಸಾಹುಕಾರರ ಕೈಗೆ ಹೋಗುತ್ತಿದ್ದ ಕಾಲದಲ್ಲಿ, 1904ರಲ್ಲಿ ಸಹಕಾರ ಸಂಘಗಳ ಕಾಯ್ದೆ ಬಂತು. ಮರುವರ್ಷವೇ, 1905ರ ಮೇ ತಿಂಗಳಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳ್ತನದಲ್ಲಿ ಕಣಗಿನಹಾಳದ ರೈತರು ಕೃಷಿ ಪತ್ತಿನ ಸಂಘ ನೋಂದಾಯಿಸಿದರು. ಆ ಕಾಯ್ದೆಯಡಿ ನೋಂದಣಿಯಾದ ದೇಶದ ಮೊದಲ ಕೃಷಿ ಪತ್ತಿನ ಸಂಘವೆಂದು ಅದು ಹೆಸರಾಗಿದೆ. ಸಾಲ ಕೊಡುವವನು ದೂರದ ಪೇಟೆಯವನಲ್ಲ, ಪಕ್ಕದ ಹೊಲದವನು. ತೀರಿಸದಿದ್ದರೆ ನಾಳೆ ಬಾವಿಕಟ್ಟೆಯಲ್ಲಿ ಎದುರಾಗುತ್ತಾನೆ. ಸಂಘದ ಬಲ ಅಷ್ಟೇ ಸರಳವಾಗಿತ್ತು.

ಹಡಗು ಬಾರದ ಈ ಊರಿಗೆ ಹತ್ತಿರದ ಪರ್ಯಾಯವೆಂದರೆ ಹಳಿಯ ಮೇಲಿನ ಕ್ರೂಸ್. 2008ರ ಮಾರ್ಚ್ 10ರಂದು ಕರ್ನಾಟಕ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ‘ಗೋಲ್ಡನ್ ಚಾರಿಯಟ್’ ಓಡಿಸಲು ಆರಂಭಿಸಿತು. ನೇರಳೆ-ಬಂಗಾರ ಬಣ್ಣ, ಕದಂಬ, ಹೊಯ್ಸಳ, ರಾಷ್ಟ್ರಕೂಟ ಮುಂತಾದ ರಾಜವಂಶಗಳ ಹೆಸರು ಹೊತ್ತ 11 ಬೋಗಿಗಳಲ್ಲಿ 44 ಕೋಣೆ. ಹಡಗಿನಂತೆಯೇ ರಾತ್ರಿ ಪ್ರಯಾಣ, ಹಗಲು ಇಳಿದು ನೋಡುವುದು, ಸಂಜೆ ಅದೇ ಕೋಣೆಗೆ ಮರಳುವುದು. ನಂತರ ಅದರ ನಿರ್ವಹಣೆ ಐಆರ್‌ಸಿಟಿಸಿಗೆ ಹೋಯಿತು. ಅದರ ಮೊದಲ ಮಾರ್ಗದಲ್ಲಿ ಹಂಪಿಗಾಗಿ ಹೊಸಪೇಟೆ, ಆಮೇಲೆ ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೊನೆಗೆ ಗೋವಾ. ಹೊಸಪೇಟೆಯಿಂದ ಬಾದಾಮಿ ಕಡೆಗೂ ಅಲ್ಲಿಂದ ಗೋವಾಕ್ಕೂ ಹಳಿ ಗದಗ ಜಂಕ್ಷನ್ನನ್ನು ದಾಟದೆ ಹೋಗುವುದಿಲ್ಲ. ಆ ಪಟ್ಟಿಯಲ್ಲಿ ಗದಗ ನೋಡುವ ಊರಲ್ಲ, ದಾಟುವ ಊರು. ಚಾಲುಕ್ಯರ ಗುಡಿಗಳ ಮುಂದೆ ಜಿನ್ನಿಂಗ್ ಫ್ಯಾಕ್ಟರಿಯ ತಗಡಿನ ಛಾವಣಿಗೆ ಯಾರೂ ಟಿಕೆಟ್ ಕೊಡುವುದಿಲ್ಲ ಎಂಬ ಲೆಕ್ಕಾಚಾರ ತಪ್ಪೇನೂ ಅಲ್ಲ.

ಆದರೂ ಆರು ಗಂಟೆಯ ಲೆಕ್ಕಕ್ಕೆ ಗದಗ ಚೆನ್ನಾಗಿ ಒಗ್ಗುತ್ತದೆ. ನಿಲ್ದಾಣವೇ ಊರೊಳಗಿದೆ, ಆಟೋದಲ್ಲಿ ಕೆಲವೇ ನಿಮಿಷದ ದಾರಿ. ತ್ರಿಕೂಟೇಶ್ವರ, ಅದರ ಆವರಣದ ಸರಸ್ವತಿ ಗುಡಿಯ ಕಂಬಗಳು, ಕುಮಾರವ್ಯಾಸನ ಹೆಸರಿನೊಂದಿಗೆ ಬೆಸೆದ ವೀರನಾರಾಯಣ ದೇವಸ್ಥಾನ ಒಂದೂವರೆ ತಾಸಿನ ಕೆಲಸ. ಬೆಟಗೇರಿಯ ವೀರಗಲ್ಲು, ಮಗ್ಗದ ಓಣಿ, ಮಿಶನ್ ಆವರಣಕ್ಕೆ ಇನ್ನೊಂದು ತಾಸು. ಮುದ್ರಣ ಕಾಶಿ ಎಂದು ಹೆಸರಾದ ಊರಿನಲ್ಲಿ ಅಚ್ಚಿನ ಮನೆಯೊಂದನ್ನು ಸೇರಿಸಿಕೊಳ್ಳುವುದೂ ಕಷ್ಟವಲ್ಲ. ಮಧ್ಯಾಹ್ನ ಬದನೆಕಾಯಿ ಬಜ್ಜಿ ತಿನ್ನದೆ ಗದಗ ನೋಡಿದೆ ಎನ್ನುವವರನ್ನು ಊರಿನವರು ನಂಬುವುದಿಲ್ಲ. ಉಳಿದ ಹೊತ್ತಿನಲ್ಲಿ 12 ಕಿಲೋಮೀಟರ್ ದೂರದ ಲಕ್ಕುಂಡಿ, ಅಥವಾ ಮುಂಡರಗಿ ರಸ್ತೆಯ ಡಂಬಳ. ಡಂಬಳದ ದೊಡ್ಡಬಸಪ್ಪ ಗುಡಿಯ ನಕ್ಷೆ 24 ಮೂಲೆಗಳ ನಕ್ಷತ್ರ. ಭೀಮರಾವ್ ಲೂಟಿ ಮಾಡಿದ ಖಜಾನೆ ಇದ್ದದ್ದೂ ಇದೇ ಊರಿನಲ್ಲಿ. ಲಕ್ಷ್ಮೇಶ್ವರ, ಶಿರಹಟ್ಟಿಗಳಿಗೆ ಬೇರೆಯದೇ ದಿನ ಬೇಕು.

ಬರುವ ಕಾಲದ ಬಗ್ಗೆ ಹೇಳುವುದಾದರೆ, ಕ್ರೂಸ್ ಋತು ಮತ್ತು ಅರಳೆಯ ಋತು ಹೆಚ್ಚು ಕಡಿಮೆ ಒಂದೇ. ಮಳೆಗಾಲದಲ್ಲಿ ಹಡಗೂ ಇಲ್ಲ, ಎರೆನೆಲದ ಹಳ್ಳಿ ದಾರಿಗಳಲ್ಲಿ ಕಾಲಿಡಲೂ ಆಗುವುದಿಲ್ಲ. ದೀಪಾವಳಿ ಕಳೆದ ಮೇಲೆ ಗದಗಿನ ಎಪಿಎಂಸಿ ಅಂಗಳಕ್ಕೆ ಹತ್ತಿ, ಮೆಣಸಿನಕಾಯಿ, ಶೇಂಗಾ ಬರತೊಡಗುತ್ತವೆ. ದರ ಕೂಗುವ ಹೊತ್ತಿಗೆ ಬೆಳಿಗ್ಗೆಯೇ ಅಲ್ಲಿರಬೇಕು; ಮಧ್ಯಾಹ್ನ ಹೋದವರಿಗೆ ಸಿಗುವುದು ಗುಡಿಸಿದ ಕಟ್ಟೆ ಮತ್ತು ಮೂಲೆಯಲ್ಲಿ ಕೂಡಿಟ್ಟ ಖಾಲಿ ಚೀಲಗಳು.